ಹಾಸಿಗೆ ಅಂಗಡಿಯ ಮುಂದಿನ ಕುಣಿತ

ಚೆನ್ನಾಜಮ್ಮನ ಹಾಸಿಗೆ ಅಂಗಡಿಯ ಮುಂದೆ ನಮ್ಮ ಯಜಮಾನರು ಕುಣಿಯುತ್ತಾರೆ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು, ಒಂದು ವರ್ಷವೂ ನಾನು ಎಡೆ ಇಡುವುದನ್ನು ತಪ್ಪಿಸಿಲ್ಲ. ಆದರೂ ಬೆಳಿಗ್ಗೆ ಪುರಿ ಹುರಿಯುವ ಭಟ್ಟಿಗೆ ಹೊಟ್ಟು ತುಂಬಿ, ಬೆಂಕಿ ಹತ್ತಿಸಿ, ಕಣ್ಣು ಒರೆಸಿಕೊಂಡು ಹೊರಗೆ ಬಂದು ನಿಂತೆನೆಂದರೆ, ಆ ಅಂಗಡಿಯಿರುವ ಹತ್ತಿ ಬೀದಿಯ ಹೆಂಚುಗಳ ಮೇಲೆ ಎರಡು ನೀಲಿ ಕೈಗಳು ಏಳುತ್ತವೆ. ಮೊದಲು ಬಲಗೈ, ಆಮೇಲೆ ಎಡಗೈ. ಎರಡೂ ಒಂದು ಸಲ ಆಕಾಶವನ್ನು ಸವರಿ ಮತ್ತೆ ಹೆಂಚಿನ ಹಿಂದೆ ಮುಳುಗುತ್ತವೆ. ಬಟ್ಟೆಯ ಕೈಗಳೇ ಇರಬಹುದು, ಒಳಗೆ ಇರುವುದು ಬರೀ ಗಾಳಿಯೇ ಇರಬಹುದು. ಆದರೆ ಆ ಮೊಣಕೈ ಬಾಗುವ ರೀತಿ ನನಗೆ ಗೊತ್ತಿಲ್ಲವೇ? ಅಷ್ಟು ವರ್ಷ ಆ ಕೈಗೆ ಅನ್ನ ಬಡಿಸಿದವಳು ನಾನು.

ನಮ್ಮ ಊರಿನಲ್ಲಿ ಗಾಳಿಗೊಂಬೆ ಇಲ್ಲದ ಅಂಗಡಿ ಇಲ್ಲ. ಬಳೆ ಮಾರುವವರಿಗೂ ಬೇಕು, ಬೀಗ ರಿಪೇರಿಯವನಿಗೂ ಬೇಕು. ಮದುವೆ ಛತ್ರದ ಮುಂದೆ, ಕಣ್ಣು ತಪಾಸಣೆ ಕ್ಯಾಂಪಿನ ಮುಂದೆ, ಕುಸ್ತಿ ಅಖಾಡದ ಮುಂದೆ, ಎಲ್ಲಿ ಜನ ಸೇರಬೇಕೋ ಅಲ್ಲಿ ಒಂದು ಗೊಂಬೆ ನಿಂತು ಕೈ ಬೀಸಬೇಕು. ಹೊಲಿಯುವವರು ಖಲಂದರ್ ಸಾಬರು ಒಬ್ಬರೇ. ಕೊಡೆಯ ಬಟ್ಟೆಯಲ್ಲಿ ಉದ್ದಕ್ಕೆ ಕೊಳವೆ ಹೊಲಿದು, ಎರಡು ಕೈ ಇಟ್ಟು, ತಲೆಯ ಮೇಲೆ ನಾಲ್ಕು ಜುಟ್ಟು ಬಿಟ್ಟು ಕೊಡುತ್ತಾರೆ. ಆದರೆ ಹೊಲಿದ ಕೂಡಲೇ ಗಾಳಿ ಮಿಷನ್ನಿಗೆ ಕಟ್ಟಿದರೆ ಅದು ಏಳುವುದಿಲ್ಲ. ಮೊದಲು ಮನುಷ್ಯರೊಬ್ಬರು ಬಾಯಿಟ್ಟು ಅದರೊಳಕ್ಕೆ ಉಸಿರು ಊದಬೇಕು. ಊದಿದವರ ನಡೆ ನುಡಿಯಲ್ಲಿ ನಡೆಯಷ್ಟೇ ಗೊಂಬೆಗೆ ಬರುತ್ತದೆ. ಆಮೇಲೆ ಮಿಷನ್ನು ಎಷ್ಟು ವರ್ಷ ಗಾಳಿ ಕೊಟ್ಟರೂ ಗೊಂಬೆ ಕುಣಿಯುವುದು ಅವರ ಹಾಗೆಯೇ.

ಇನ್ನೊಂದು ವಿಷಯವಿದೆ. ತನ್ನವರ ಹೊಸ್ತಿಲ ಮುಂದೆ ಗೊಂಬೆ ಏಳುವುದಿಲ್ಲ. ಹೆಂಡತಿಯ ಅಂಗಡಿಯ ಮುಂದೆ ಗಂಡನ ಗೊಂಬೆ ಏಳುವುದಿಲ್ಲ, ಅಣ್ಣನ ಅಂಗಡಿಯ ಮುಂದೆ ತಮ್ಮನ ಗೊಂಬೆ ಏಳುವುದಿಲ್ಲ. ಹಾಗಾಗಿ ಉಸಿರು ಬೇಕಾದವರು ಹೊರಗಿನವರನ್ನು ಕೇಳಬೇಕು. ಹೆಣ್ಣು ಕೇಳಲು ಹೋಗುವ ಹಾಗೆ ಎಲೆ ಅಡಿಕೆ ಹಿಡಿದು ಅವರ ಮನೆಗೆ ಹೋಗಿ, ಮೊದಲು ಮನೆಯವರನ್ನು ಕೇಳಿ, ಆಮೇಲೆ ಅವರನ್ನು ಕೇಳಬೇಕು. ಇಲ್ಲ ಎನ್ನುವ ರೂಢಿಯಿಲ್ಲ. ಹೀಗಾಗಿ ನಮ್ಮ ಊರಿನಲ್ಲಿ ಎಲ್ಲರೂ ಇನ್ನೊಬ್ಬರ ಬಾಗಿಲಲ್ಲಿ ಕುಣಿಯುತ್ತಾರೆ. ಸ್ವಂತದವರ ಕುಣಿತ ನೋಡಬೇಕೆಂದರೆ ಬೀದಿ ದಾಟಿ ಹೋಗಬೇಕು.

ನನ್ನ ಅಂಗಡಿಯ ಮುಂದಿರುವುದು ಪಂಚರ್ ಅಂಕಯ್ಯನ ಗೊಂಬೆ. ಅವನಿಗೆ ಎಡಗಾಲು ಸ್ವಲ್ಪ ಗಿಡ್ಡ. ಗೊಂಬೆಯೂ ಎಡಕ್ಕೆ ಕುಂಟಿ ಕುಂಟಿ ಕುಣಿಯುತ್ತದೆ. ಪುರಿ ಕೊಳ್ಳಲು ಬಂದವರು ಮೊದಲು ಅದನ್ನು ನೋಡಿ ನಗುತ್ತಾರೆ, ಆಮೇಲೆ ಸೇರು ಅಳೆಯಲು ಹೇಳುತ್ತಾರೆ. ಅಂಕಯ್ಯ ದಿನಕ್ಕೊಂದು ಸಲ ಬಂದು ಸೊಂಟದ ಮೇಲೆ ಕೈಯಿಟ್ಟು ಅದರ ಎದುರು ನಿಲ್ಲುತ್ತಾನೆ.

“ಹೊಂಬಾಳವ್ವ, ನಾನು ಇಷ್ಟೊಂದು ಕುಂಟ್ತೀನಾ?”

“ಇನ್ನೂ ಜಾಸ್ತಿನೇ ಕಣಪ್ಪ. ಗೊಂಬೆ ನಿನ್ನ ಮರ್ಯಾದೆ ಉಳಿಸೈತೆ.”

“ನಿನ್ನ ಭಟ್ಟಿ ಹೊಗೆಗೆ ಅದರ ಬುದ್ಧಿ ಕೆಟ್ಟೈತೆ ಬಿಡು,” ಎಂದು ಒಂದು ಹಿಡಿ ಪುರಿ ಬಾಯಿಗೆ ಹಾಕಿಕೊಂಡು ಹೋಗುತ್ತಾನೆ.

ನಮ್ಮ ಯಜಮಾನರ ಹೆಸರು ದ್ಯಾವಣ್ಣ, ಉದ್ದನೆಯ ಆಳು. ಹತ್ತಿ ಅಂಗಳದಲ್ಲಿ ತೂಕ ಹಾಕುತ್ತಿದ್ದರು, ಬಿಡುವಾದಾಗ ಭಟ್ಟಿ ಮನೆಯಿಂದ ನನ್ನ ಪುರಿ ಮೂಟೆಗಳನ್ನು ಹೊತ್ತು ಹೊರಗಿಡುತ್ತಿದ್ದರು. ಮಾತು ಕಡಿಮೆ. ನಗು ಅದಕ್ಕಿಂತ ಕಡಿಮೆ. ಕುಣಿತವಂತೂ ಅವರ ಜಾತಕದಲ್ಲೇ ಇರಲಿಲ್ಲ. ನಮ್ಮ ಮದುವೆಯಲ್ಲಿ ವಾಲಗದವರು ಬೆವರು ಸುರಿಸಿ ಊದುತ್ತಿದ್ದರೂ ಇವರು ಚಪ್ಪರದ ಬಿದಿರು ಗಳುವಿಗೆ ಜೊತೆಯ ಗಳುವಿನಂತೆ ನಿಂತಿದ್ದರು. ನನ್ನ ತಮ್ಮಂದಿರು ಕೈ ಹಿಡಿದು ಎಳೆದರೂ ಒಂದು ಹೆಜ್ಜೆ ಕದಲಲಿಲ್ಲ. ನಾನು ಸೆರಗಿನ ಮರೆಯಲ್ಲಿ ನೋಡಿದೆ, ಇರಲಿ, ಗಂಭೀರ ಸ್ವಭಾವದವರು ಎಂದುಕೊಂಡೆ. ಅಷ್ಟರಿಂದಲೇ ಸಮಾಧಾನ ಮಾಡಿಕೊಂಡು ಬಾಳಿದೆ.

ಚೆನ್ನಾಜಮ್ಮ ಗಂಡ ತೀರಿದ ಮೇಲೆ ಹಾಸಿಗೆ ಅಂಗಡಿಯನ್ನು ತಾನೇ ನಡೆಸತೊಡಗಿದಳು. ನನಗಿಂತ ಚಿಕ್ಕವಳು, ಕೂದಲಲ್ಲಿ ಯಾವಾಗಲೂ ಒಂದೆರಡು ಎಳೆ ಹತ್ತಿ ಸಿಕ್ಕಿಕೊಂಡಿರುತ್ತಿತ್ತು, ಅದೂ ಅವಳಿಗೆ ಒಪ್ಪುತ್ತಿತ್ತು. ಒಂದು ದಿನ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ನಮ್ಮ ಮನೆಗೆ ಬಂದಳು.

“ಹೊಂಬಾಳಕ್ಕ, ನಿಮ್ಮ ಮನೆಯವರ ಉಸಿರು ಕೇಳೋಕೆ ಬಂದಿವ್ನಿ. ಹತ್ತಿ ತೂಕದಲ್ಲಿ ಅವರು ಒಂದು ದಿನಾನೂ ನನಗೆ ಮೋಸ ಮಾಡಿಲ್ಲ. ಅಂಥವರ ಉಸಿರು ಇದ್ರೆ ಅಂಗಡಿಗೆ ಒಳ್ಳೇದು.”

“ಊದಲಿ, ಅದಕ್ಕೇನಂತೆ,” ಎಂದೆ ನಾನು. ಒಳಗೊಳಗೇ ನಗು. ಇವರ ಉಸಿರು ಹೊಕ್ಕ ಗೊಂಬೆ ಗಳುವಿನಂತೆ ನಿಂತುಬಿಡುತ್ತದೆ, ನೋಡಿದವರು ಹಾಸಿಗೆಯ ಬದಲು ಚಾಪೆ ಕೊಂಡು ಹೋಗುತ್ತಾರೆ ಎಂದುಕೊಂಡೆ.

ಅವರು ಹೋದರು. ಮಧ್ಯಾಹ್ನ ತಿರುಗಿ ಬಂದು ಊಟಕ್ಕೆ ಕುಳಿತು, ಅರ್ಧ ಮುದ್ದೆ ಬಿಟ್ಟು ಎದ್ದರು. ಮದುವೆಯಾದಾಗಿನಿಂದ ಅವರು ತಟ್ಟೆಯಲ್ಲಿ ಏನನ್ನೂ ಬಿಟ್ಟವರಲ್ಲ.

“ಯಾಕೆ, ಸೇರಲಿಲ್ವಾ?”

“ಊದಿ ಊದಿ ಹೊಟ್ಟೆಯೆಲ್ಲ ಗಾಳಿ ಆಗೈತೆ ಕಣೆ.”

ಆ ಅರ್ಧ ಮುದ್ದೆ ಇವತ್ತಿಗೂ ನನ್ನ ಎದೆಯ ಮೇಲೆಯೇ ಕುಳಿತಿದೆ.

ಮಾರನೆಯ ಬೆಳಿಗ್ಗೆ ಅಂಕಯ್ಯ ಕೈಯಲ್ಲಿದ್ದ ಟ್ಯೂಬನ್ನೂ ಕೆಳಗಿಡದೆ ಓಡಿ ಬಂದ. “ಹೊಂಬಾಳವ್ವಾ, ನಿಮ್ಮೆಜಮಾನ್ರು ಕುಣೀತಾವ್ರೆ! ಹತ್ತಿ ಬೀದೀಲಿ ಕಾಲಿಡೋಕೆ ಜಾಗ ಇಲ್ಲ. ಏನ್ ಕುಣಿತ ಅವ್ವಾ ಅದು, ಸೊಂಟ ನೋಡ್ಬೇಕು, ಕೈ ನೋಡ್ಬೇಕು!”

ನಾನು ಬಾಣಲೆಯ ಮರಳು ಕೈಯಾಡಿಸುತ್ತಿದ್ದವಳು ಕೈ ನಿಲ್ಲಿಸಿದೆ. ಒಂದು ಬಾಣಲೆ ಪುರಿ ಸೀದು ಹೋಯಿತು. ಯಜಮಾನರು ಅಲ್ಲೇ ಜಗಲಿಯ ಮೇಲೆ ಕುಳಿತು ಬೀಡಿ ಕಚ್ಚುತ್ತಿದ್ದರು.

“ಎಲ್ಲಿ ಕಲಿತ್ರಿ?” ಎಂದು ಕೇಳಿದೆ.

“ಏನ್ನ?”

“ಕುಣಿಯೋದು.”

“ನಾನೆಲ್ಲಿ ಕುಣಿದೆ? ಅದು ಬಟ್ಟೆ ಕಣೆ,” ಎಂದರು. ಅಷ್ಟೇ. ಆ ವಿಷಯದಲ್ಲಿ ಅವರ ಬಾಯಿಂದ ಬಂದ ಮಾತು ಅಷ್ಟೇ.

ಅವತ್ತಿನಿಂದ ನಾನು ಹತ್ತಿ ಬೀದಿ ತುಳಿಯಲಿಲ್ಲ. ಸಂತೆಗೆ ಹೋಗಬೇಕಾದರೂ ಕೆರೆ ಏರಿಯ ಸುತ್ತು ದಾರಿ ಹಿಡಿಯುತ್ತಿದ್ದೆ. ಆದರೆ ಕಣ್ಣು ಮಾತು ಕೇಳಬೇಕಲ್ಲ? ಹೊರಗೆ ಬಂದು ನಿಂತರೆ ಹೆಂಚಿನ ಮೇಲೆ ಆ ಎರಡು ಕೈಗಳು. ಸೊಂಟ ಕಾಣುತ್ತಿರಲಿಲ್ಲ, ತಲೆ ಕಾಣುತ್ತಿರಲಿಲ್ಲ, ಕೈಗಳು ಮಾತ್ರ. ಗಂಡನೆಂಬ ಮನುಷ್ಯ ಒಳಗೆ ಗೋಡೆಗೆ ಒರಗಿ ಸುಮ್ಮನೆ ಕುಳಿತಿರುವಾಗ, ಅವನ ಕೈಗಳು ಇನ್ನೊಬ್ಬಳ ಸೂರಿನ ಮೇಲೆ ಬೀಸುವುದನ್ನು ನೋಡುತ್ತಾ ನಿಲ್ಲುವುದು ಎಂಥ ಬಾಳು ನೀವೇ ಹೇಳಿ. ಖಲಂದರ್ ಸಾಬರು ಒಮ್ಮೆ ಹೇಳಿದ್ದರು, ಗೊಂಬೆಗೆ ಬರುವುದು ಊದುವ ಗಳಿಗೆಯ ಮನಸ್ಸು ಎಂದು. ಹಾಗಾದರೆ ಆ ಗಳಿಗೆಯಲ್ಲಿ, ಆ ಹತ್ತಿಯ ರಾಶಿಯ ನಡುವೆ, ಇವರ ಮನಸ್ಸು ಯಾವುದಕ್ಕೆ ಅಷ್ಟು ಹಿಗ್ಗಿತ್ತು? ಕೇಳಲು ಬಾಯಿ ಬರಲಿಲ್ಲ. ಒಂದು ಮಾಗಿಯಲ್ಲಿ ಜ್ವರ ಬಂದು ಮಲಗಿದವರು ಏಳಲೇ ಇಲ್ಲ. ಕೇಳುವ ದಾರಿಯೂ ಮುಚ್ಚಿತು.

ಗೊಂಬೆ ನಿಲ್ಲಲಿಲ್ಲ. ಅವರನ್ನು ಹೊತ್ತುಕೊಂಡು ಹೋದ ದಿನವೂ ಕುಣಿಯುತ್ತಿತ್ತಂತೆ. ಮಾರನೆಯ ದಿನದಿಂದ ಚೆನ್ನಾಜಮ್ಮ ಮೂರು ದಿನ ಮಿಷನ್ನು ನಿಲ್ಲಿಸಿದ್ದಳು ಎಂದು ಆಮೇಲೆ ಯಾರೋ ಹೇಳಿದರು. ಅದು ಕೇಳಿ ನನಗೆ ಇನ್ನೂ ಉರಿಯಿತು. ಸೂತಕ ಹಿಡಿಯಲು ಇವಳು ಯಾರು?

ವರ್ಷ ಕಳೆದಂತೆ ಆ ಗೊಂಬೆಗೆ ಊರೆಲ್ಲ ಕರೆ. ಹೊಸ ಹೋಟೆಲು ತೆರೆದರೆ ಹಾಸಿಗೆ ಅಂಗಡಿಯ ಗೊಂಬೆಯನ್ನೇ ಕೇಳಿ ಒಯ್ದು ಬಾಗಿಲಲ್ಲಿ ನಿಲ್ಲಿಸುವರು. ಸೀರೆ ಸೇಲು ಬಂದರೆ ಅಲ್ಲಿ. ಶಾಲೆಯ ವಾರ್ಷಿಕೋತ್ಸವಕ್ಕೆ ಅಲ್ಲಿ. ನಲ್ಲಿಯ ಹತ್ತಿರ ಬಿಂದಿಗೆ ಇಡಲು ಹೋದರೆ ಹೆಂಗಸರು ನನಗಾಗಿ ಕಾದಿರುತ್ತಿದ್ದರು.

“ಹೊಂಬಾಳಕ್ಕ, ನೆನ್ನೆ ಸೀರೆ ಸೇಲಲ್ಲಿ ನಿಮ್ಮೆಜಮಾನ್ರು ಎಷ್ಟ್ ಜನಾನ ಎಳೆದ್ರು ಅಂತೀರಿ! ನಾನು ಬೇಡ ಬೇಡ ಅಂದ್ಕೊಂಡೇ ಎರಡು ತಗೊಂಡೆ.”

“ಬದುಕಿದ್ದಾಗ ನಿನಗೊಂದು ಸೀರೆ ತಂದ್ಕೊಡ್ಲಿಲ್ಲ ಅಂತಿದ್ದೆ, ಈಗ ನೋಡು, ಊರಿಗೆಲ್ಲ ಸೀರೆ ಉಡಿಸ್ತಾವ್ರೆ.”

ಎಲ್ಲರೂ ನಗುವರು, ನಾನೂ ನಗುವೆ. ಆದರೆ ಒಂದು ಮಾತು ಮಾತ್ರ ನಗುವಿಗೆ ಸಿಗುತ್ತಿರಲಿಲ್ಲ. ಆ ಗೊಂಬೆ ನಡುನಡುವೆ ಕುಣಿತ ನಿಲ್ಲಿಸಿ ತಲೆ ಬಗ್ಗಿಸುತ್ತದಂತೆ. ಚೆನ್ನಾಜಮ್ಮನ ಬಾಗಿಲಿಗೆ ಒಂದು ನಮಸ್ಕಾರ ಹಾಕಿ, ನೆಟ್ಟಗಾಗಿ, ಠೀವಿಯಿಂದ ಭುಜ ಕೊಡವಿಕೊಂಡು ಮತ್ತೆ ಶುರು ಮಾಡುತ್ತದಂತೆ. ಅದನ್ನು ನೋಡಲೆಂದೇ ಜನ ನಿಲ್ಲುವರಂತೆ. ನನ್ನ ಮುಂದೆ ಒಂದು ದಿನವೂ ತಲೆ ಬಗ್ಗಿಸಿದವರಲ್ಲ ಅವರು. ಉಪ್ಪು ಹೆಚ್ಚಾಯಿತೆಂದು ಹೇಳುವುದಕ್ಕೂ ಗೋಡೆಯ ಕಡೆ ನೋಡಿಯೇ ಹೇಳುತ್ತಿದ್ದರು.

ಇಷ್ಟನ್ನೂ ನುಂಗಿಕೊಂಡಿದ್ದೆ. ಆದರೆ ಈ ಸಲದ ಬೇಸಿಗೆಯಲ್ಲಿ ಕೆರೆ ಏರಿಯ ಮೇಲೆ ಒಂದು ಹೊಸ ಪುರಿ ಅಂಗಡಿ ತೆರೆಯಿತು. ಮಿಷನ್ನಿನಲ್ಲಿ ಹುರಿದ ಪುರಿ, ಪ್ಲಾಸ್ಟಿಕ್ ಕವರಿನಲ್ಲಿ ತುಂಬಿದ್ದು, ಬಾಯಿಗಿಟ್ಟರೆ ಕಾಗದ. ಸುತ್ತು ದಾರಿಯಲ್ಲಿ ಸಂತೆಗೆ ಹೊರಟವಳು ಏರಿ ಹತ್ತಿ ನೋಡುತ್ತೇನೆ, ಅಂಗಡಿಯ ಮುಂದೆ ಬಾಳೆಕಂದು, ಮೈಕಿನ ಹಾಡು, ನಡುವೆ ನಮ್ಮ ಯಜಮಾನರು. ಮೊದಲ ಸಲ ಇಡೀ ಗೊಂಬೆಯನ್ನು ನೋಡಿದೆ. ಸೆರಗು ಮುಖಕ್ಕೆ ಎಳೆದುಕೊಂಡು ತಿರುಗಿ ನಡೆದುಬಿಟ್ಟೆ. ಬದುಕಿದ್ದಷ್ಟು ದಿನ ನನ್ನ ಕೈಯ ಪುರಿ ತಿಂದು, ನನ್ನ ಮೂಟೆ ಹೊತ್ತ ಮನುಷ್ಯ, ಆ ಕಾಗದದ ಪುರಿಗೆ ಬನ್ನಿ ಬನ್ನಿ ಎಂದು ಊರನ್ನು ಕರೆಯುತ್ತಿದ್ದರು.

ನಮ್ಮಲ್ಲಿ ಇನ್ನೊಂದು ರೂಢಿಯಿದೆ. ಉಸಿರು ಊದಿದವರು ತೀರಿಕೊಂಡರೆ, ಅವರ ಮನೆಯವರು ಬಂದು ಗೊಂಬೆ ಕೇಳಬಹುದು. ಕೇಳಿದರೆ ಕೊಡಬೇಕು. ಕೇಳಿದವರು ಅದನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ, ಮನೆಯ ಮುಂದೆ ನಿಲ್ಲಿಸುವುದಿಲ್ಲ. ಯಾಕೆ ನಿಲ್ಲಿಸುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಹಿಂದೆ ಎಣ್ಣೆ ಅಂಗಡಿಯ ದೇವೀರಮ್ಮ ಗಂಡನ ಗೊಂಬೆ ತರಿಸಿ, ಒಂದು ಸಲ ನೋಡೋಣವೆಂದು ತನ್ನ ಬಾಗಿಲಲ್ಲೇ ಮಿಷನ್ನು ಹಾಕಿಸಿದಳು. ಅದು ಎದ್ದುಬಿಟ್ಟಿತು. ಕೈ ಬೀಸಿ ಕುಣಿದೂಬಿಟ್ಟಿತು. ತನ್ನವರ ಮುಂದೆ ಏಳಬಾರದ್ದು ಎದ್ದಿತೆಂದರೆ ಅರ್ಥವೇನು? ನೋಡುತ್ತಿದ್ದವರೆಲ್ಲ ನೆಲ ನೋಡಿದರು. ದೇವೀರಮ್ಮ ತಾನೇ ಸ್ವಿಚ್ಚು ಆರಿಸಿ, ಆ ವಾರವೇ ಅಂಗಡಿ ಮುಚ್ಚಿ ತವರಿಗೆ ಹೊರಟುಹೋದಳು.

ಇದೆಲ್ಲ ಗೊತ್ತಿದ್ದೂ ನಾನು ಹತ್ತಿ ಬೀದಿಗೆ ಹೋದೆ. ಚೆನ್ನಾಜಮ್ಮ ಅಂಗಡಿಯ ಮುಂದೆ ಕುಳಿತು ದಿಂಬಿಗೆ ಹತ್ತಿ ತುಂಬುತ್ತಿದ್ದಳು. ಕೆರೆ ಏರಿಯಿಂದ ಗೊಂಬೆ ವಾಪಸು ಬಂದು ತನ್ನ ಜಾಗದಲ್ಲಿ ನಿಂತಿತ್ತು. ಈ ಸಲ ಮುಖ ತಿರುಗಿಸದೆ ನೋಡಿದೆ. ಅಂಕಯ್ಯ ಹೇಳಿದ್ದು ಸುಳ್ಳಲ್ಲ. ಮೈಯಲ್ಲಿ ಮೂಳೆಯೇ ಇಲ್ಲದ ಹಾಗೆ, ಚಿಕ್ಕಂದಿನಿಂದ ಅದೊಂದನ್ನೇ ಮಾಡಿಕೊಂಡು ಬಂದವರ ಹಾಗೆ ಕುಣಿಯುತ್ತಿತ್ತು. ನಾನು ನೋಡುತ್ತಿದ್ದ ಹಾಗೆಯೇ ನಿಂತು, ಎಡಕ್ಕೆ ಓರೆಯಾಗಿ ತಲೆ ಬಗ್ಗಿಸಿ, ನೆಟ್ಟಗಾಗಿ, ಭುಜ ಕೊಡವಿಕೊಂಡಿತು.

“ಬನ್ನಿ ಹೊಂಬಾಳಕ್ಕ,” ಎಂದು ಅವಳು ಎದ್ದು ನಿಂತಳು. “ಇಷ್ಟು ವರ್ಷಕ್ಕೆ ದಾರಿ ಸಿಕ್ತಲ್ಲ. ಕೂತ್ಕೊಳ್ಳಿ, ಹೊಸ ಹಾಸಿಗೆ.”

“ನಿನ್ನ ಹಾಸಿಗೆ ಮೇಲೆ ಕೂರೋಕೆ ಬಂದಿಲ್ಲ ಕಣವ್ವ. ಗೊಂಬೆ ಕೇಳೋಕೆ ಬಂದೆ.”

ಅವಳ ಕೈಯಲ್ಲಿದ್ದ ಹತ್ತಿ ಹಾಗೆಯೇ ಉಳಿಯಿತು. “ಪುರಿ ಅಂಗಡಿಗೆ ಕಳಿಸಿದ್ದು ತಪ್ಪಾಯ್ತಕ್ಕ. ಯಾವ ಅಂಗಡಿ ಅಂತ ನಾನು ಕೇಳ್ಲಿಲ್ಲ. ಕಳಿಸಿದ ಮೇಲೆ ಗೊತ್ತಾಯ್ತು.”

“ಅದಕ್ಕಲ್ಲ. ನಮ್ಮನೆಯವರು. ನನಗೆ ಬೇಕು.”

“ಪೆಟ್ಟಿಗೇಲಿ ಇಡೋಕಾ?”

“ಬಾಗಿಲಲ್ಲಿ ನಿಲ್ಲಿಸೋಕೆ.”

ಅವಳು ನನ್ನ ಮುಖವನ್ನೇ ನೋಡಿದಳು. ಅಷ್ಟು ಹೊತ್ತು ಯಾರೂ ನನ್ನ ಮುಖ ನೋಡಿದ್ದಿಲ್ಲ. “ಬೇಡಕ್ಕ,” ಎಂದಳು ಮೆಲ್ಲಗೆ. “ಎದ್ದುಬಿಟ್ರೆ?”

“ಎದ್ರೆ ಏಳಲಿ. ನಾನೂ ಒಂದು ಸಲ ಅವರ ಕುಣಿತ ನೋಡ್ದಂಗೆ ಆಗುತ್ತೆ.”

ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಆದರೆ ಮನೆಗೆ ಬಂದು ಕುಳಿತ ಮೇಲೆ ಲೆಕ್ಕ ಹಾಕಲು ಶುರು ಮಾಡಿದೆ. ಎದ್ದರೆ ನನ್ನ ಬಾಗಿಲಲ್ಲಿ, ನನ್ನ ಕಣ್ಣ ಮುಂದೆ ಅವರು ಕುಣಿಯುತ್ತಾರೆ. ಎದ್ದರೆ ನಾನು ಅವರಿಗೆ ಯಾರೂ ಅಲ್ಲ ಎಂದು ಊರೆದುರು ಗೊತ್ತಾಗುತ್ತದೆ. ಅರ್ಧ ಮುದ್ದೆ ಬಿಟ್ಟು ಎದ್ದ ಆ ಮಧ್ಯಾಹ್ನಕ್ಕೆ ಉತ್ತರ ಸಿಗುತ್ತದೆ. ಏಳದಿದ್ದರೆ ನಾನು ಅವರವಳು, ಆದರೆ ಆ ಕುಣಿತ ನನ್ನ ಪಾಲಿಗೆ ಯಾವತ್ತಿಗೂ ಇಲ್ಲ. ಎರಡರಲ್ಲಿ ಯಾವುದು ಬೇಕು ಎಂದು ಯಾರಾದರೂ ಕೇಳಿದ್ದರೆ ಎರಡೂ ಬೇಕು ಎನ್ನುತ್ತಿದ್ದೆ.

ಗೊಂಬೆಯನ್ನು ಬಿಚ್ಚಿ ತಂದು ಕಟ್ಟುವುದು ಖಲಂದರ್ ಸಾಬರ ಕೆಲಸ. ಮಡಿಸಿದ ನೀಲಿ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಂದರು, ಅದರ ಮೇಲೆ ಧೂಳು ಬೀಳದ ಹಾಗೆ ಟವಲು ಹೊದಿಸಿದ್ದರು. ಅಂಕಯ್ಯ ತನ್ನ ಗೊಂಬೆಯನ್ನು ತಾನೇ ಬಿಚ್ಚಿ ಪಕ್ಕಕ್ಕಿಟ್ಟು ಮಿಷನ್ನು ಖಾಲಿ ಮಾಡಿಕೊಟ್ಟ. ಸುದ್ದಿ ಹರಡದೆ ಇರುತ್ತದೆಯೇ? ನಲ್ಲಿಯ ಹೆಂಗಸರೆಲ್ಲ ಬಿಂದಿಗೆ ಸಮೇತ ಬಂದಿದ್ದರು. ಚೆನ್ನಾಜಮ್ಮ ಮಾತ್ರ ಬಂದಿರಲಿಲ್ಲ.

“ಹೊಂಬಾಳಮ್ಮ, ಇನ್ನೊಂದ್ಸಲ ಯೋಚ್ನೆ ಮಾಡಿ,” ಎಂದರು ಸಾಬರು ಹಗ್ಗ ಬಿಗಿಯುತ್ತಾ. “ದೇವೀರಮ್ಮನ ಗಂಡನ ಗೊಂಬೆ ಹೊಲಿದಿದ್ದೂ ಇದೇ ಕೈ. ಅದು ಎದ್ದಾಗ ನನಗೆ ಸೂಜಿ ಹಿಡಿಯೋಕೆ ಮನಸ್ಸಾಗ್ಲಿಲ್ಲ.”

“ಹಾಕಿ ಸಾಬ್ರೇ.”

ಮಿಷನ್ನು ಹೊಯ್ಯೆಂದಿತು. ಬಟ್ಟೆ ಒದರಿಕೊಂಡಿತು. ಬುಡದಲ್ಲಿ ಉಬ್ಬಿತು. ಉಬ್ಬಿದ್ದು ಮೇಲೇರಿ ಮೊಣಕಾಲಿನವರೆಗೆ ಬಂತು. ನನ್ನ ಹಿಂದೆ ಯಾರೋ “ಅಯ್ಯೋ ಶಿವನೆ” ಎಂದರು. ನಾನು ಜಗಲಿಯ ಕಂಬ ಹಿಡಿದುಕೊಂಡೆ. ಏಳಿ ಎಂದಿತು ಒಂದು ಮನಸ್ಸು, ಒಂದೇ ಒಂದು ಸಲ ಏಳಿ. ಏಳಬೇಡಿ ಎಂದಿತು ಇನ್ನೊಂದು, ನಿಮ್ಮ ಕಾಲಿಗೆ ಬೀಳುತ್ತೇನೆ ಏಳಬೇಡಿ. ಬಟ್ಟೆ ಮೊಣಕಾಲಿನ ಮಟ್ಟದಲ್ಲೇ ಸ್ವಲ್ಪ ಹೊತ್ತು ನಡುಗುತ್ತಾ ನಿಂತಿತು, ಎದ್ದು ಬರಬೇಕೋ ಬೇಡವೋ ಎಂದು ಒಳಗಿನಿಂದ ಇಣುಕುವವರ ಹಾಗೆ. ಆಮೇಲೆ ಮೆಲ್ಲಗೆ ಮಲಗಿತು. ಮಿಷನ್ನು ಎಷ್ಟು ಊದಿದರೂ ಗಾಳಿಯೆಲ್ಲ ಪಕ್ಕದಿಂದ ಸೋರಿ ನನ್ನ ಅಂಗಳದ ಹೊಟ್ಟನ್ನು ಹಾರಿಸಿತೇ ಹೊರತು ಬಟ್ಟೆ ಅಲುಗಲಿಲ್ಲ. ಮದುವೆಯ ಚಪ್ಪರದಲ್ಲಿ ಎಷ್ಟು ಎಳೆದರೂ ಕದಲದೆ ಇದ್ದರಲ್ಲ, ಅದೇ ಹಟ.

ನಾನು ನಕ್ಕೆ. ಜನ ನನಗೆ ಬುದ್ಧಿ ಕೆಟ್ಟಿತೆಂದುಕೊಂಡಿರಬೇಕು, ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆ. ಖಲಂದರ್ ಸಾಬರೂ ಗಡ್ಡ ಸವರಿಕೊಂಡು ನಕ್ಕರು. ನಲ್ಲಿಯ ಹೆಂಗಸರಿಗೆ ಮಾತ್ರ ನಿರಾಸೆ. “ಏನೂ ಆಗ್ಲಿಲ್ಲ, ನಡೀರೇ,” ಎಂದು ಬಿಂದಿಗೆ ಎತ್ತಿಕೊಂಡರು.

ಎಲ್ಲರೂ ಹೋದ ಮೇಲೆ ಅಂಕಯ್ಯ ತನ್ನ ಗೊಂಬೆಯ ಹಗ್ಗ ತರಲು ಭಟ್ಟಿ ಮನೆಯೊಳಗೆ ಹೋದ. ಆ ಮನೆಯ ಬಾಗಿಲು ಬಲು ತಗ್ಗು. ನನ್ನಂಥ ಗಿಡ್ಡಿಗೆ ಅದರ ಚಿಂತೆಯಿಲ್ಲ, ನೇರ ಹೋಗಿ ನೇರ ಬರುತ್ತೇನೆ. ಅಂಕಯ್ಯ ಉದ್ದನೆಯ ಆಳು. ಹಗ್ಗದ ಸುರುಳಿಯನ್ನು ಬಲಭುಜದ ಮೇಲೆ ಹಾಕಿಕೊಂಡು ಹೊರಗೆ ಬರುವಾಗ ಎಡಕ್ಕೆ ಓರೆಯಾಗಿ ತಲೆ ಬಗ್ಗಿಸಿದ, ಬಾಗಿಲು ದಾಟಿ ನೆಟ್ಟಗಾದ, ಮೇಲಿನ ಮರದಿಂದ ಉದುರಿದ ಮಸಿಯನ್ನು ಭುಜ ಕೊಡವಿ ಬೀಳಿಸಿದ.

“ಏನವ್ವ ಇದು, ವರ್ಷಕ್ಕೊಂದ್ಸಲನಾದ್ರೂ ಈ ಮಸಿ ಗುಡಿಸಬಾರ್ದಾ?”

ನಾನು ಅವನನ್ನೇ ನೋಡುತ್ತಾ ನಿಂತೆ. ಆಮೇಲೆ ಹತ್ತಿರ ಹೋಗಿ ಆ ಬಾಗಿಲ ಮೇಲಿನ ಮರವನ್ನು ಸವರಿ ನೋಡಿದೆ. ಎಡಗಡೆ ಒಂದು ಅಂಗೈ ಅಗಲ ಮರ ತಲೆ ತಾಗಿ ತಾಗಿ ಸವೆದು, ಮಸಿಯ ಕೆಳಗೂ ನುಣುಪಾಗಿತ್ತು. ಎಷ್ಟು ವರ್ಷ, ಎಷ್ಟು ಮೂಟೆ ಹೊತ್ತು ಯಜಮಾನರು ಆ ಬಾಗಿಲಲ್ಲಿ ಹೋಗಿ ಬಂದಿದ್ದರೋ! ನಾನು ಭಟ್ಟಿಯ ಮುಂದೆ ಬಾಗಿಲಿಗೆ ಬೆನ್ನು ಹಾಕಿ ಕುಳಿತವಳು, ಬೆಂಕಿ ನೋಡುತ್ತಿದ್ದೆ, ಮರಳು ನೋಡುತ್ತಿದ್ದೆ, ಪುರಿ ಅರಳುವುದನ್ನು ನೋಡುತ್ತಿದ್ದೆ. ಹಿಂದೆ ಒಬ್ಬರು ತಲೆ ಬಗ್ಗಿಸಿ ಬಂದು ತಲೆ ಬಗ್ಗಿಸಿ ಹೋಗುವುದನ್ನು ಒಂದು ದಿನವೂ ತಿರುಗಿ ನೋಡಲಿಲ್ಲ. ಹೀರೋನ ಹಾಗೆ ಭುಜ ಕೊಡವುತ್ತಾರೆ ಎಂದು ಊರೆಲ್ಲ ನಿಂತು ನೋಡುತ್ತಿದ್ದದ್ದು ನನ್ನ ಭಟ್ಟಿಯ ಮಸಿಯನ್ನು.

ಸಂಜೆ ಗೊಂಬೆಯನ್ನು ನಾನೇ ಮಡಿಸಿದೆ. ಪೆಟ್ಟಿಗೆಯ ಮುಚ್ಚಳ ತೆಗೆದು ಅವರ ಪಂಚೆಯ ಪಕ್ಕದಲ್ಲಿ ಇಟ್ಟೂ ನೋಡಿದೆ. ಅಲ್ಲಿ ಅದು ಬರೀ ಬಟ್ಟೆಯಾಗಿತ್ತು. ಮತ್ತೆ ತೆಗೆದು, ಟವಲು ಹೊದಿಸಿ, ಸುತ್ತು ದಾರಿ ಬಿಟ್ಟು ನೇರ ದಾರಿಯಲ್ಲಿ ಹತ್ತಿ ಬೀದಿಗೆ ನಡೆದೆ.

ಚೆನ್ನಾಜಮ್ಮನ ಅಂಗಡಿಯ ಮುಂದೆ ಮಿಷನ್ನು ಮಾತ್ರ ಬಾಯಿ ತೆರೆದುಕೊಂಡು ಕುಳಿತಿತ್ತು. ಅವಳು ಒಳಗಿನಿಂದ ಅವಸರದಲ್ಲಿ ಬಂದಳು. ಕೂದಲಲ್ಲಿ ಹತ್ತಿ ಇರಲಿಲ್ಲ, ಅವತ್ತು ಕೆಲಸ ಮಾಡಿರಲಿಲ್ಲವೆಂದು ಕಾಣುತ್ತದೆ.

“ಎದ್ದಿತಾ?”

“ಇಲ್ಲ.”

“ಒಂದ್ ಚೂರೂ?”

ಮೊಣಕಾಲಿನವರೆಗೆ ಬಂದದ್ದನ್ನು ನಾನು ಹೇಳಲಿಲ್ಲ. “ಒಂದ್ ಚೂರೂ ಇಲ್ಲ ಕಣವ್ವ. ನೆಲ ಬಿಟ್ಟು ಅಲುಗಲಿಲ್ಲ,” ಎಂದೆ. ಹೇಳುವಾಗ ನನ್ನ ದನಿಯಲ್ಲಿ ಎಷ್ಟು ಹಮ್ಮಿತ್ತೆಂದು ನನಗೇ ಕೇಳಿಸಿತು.

ಅವಳು ಬಟ್ಟೆ ತೆಗೆದುಕೊಂಡು ಮಿಷನ್ನಿಗೆ ಕಟ್ಟಿದಳು. ಸ್ವಿಚ್ಚು ಹಾಕಿದಳು. ಕಟ್ಟಿದ ಗಂಟು ಇನ್ನೂ ಸರಿಯಾಗಿ ಬಿಗಿಯುವ ಮೊದಲೇ ಗೊಂಬೆ ಸರ್ರನೆ ಎದ್ದು, ಎರಡೂ ಕೈ ಆಕಾಶಕ್ಕೆ ಎಸೆದು ಕುಣಿಯಲು ನಿಂತಿತು. ಅವಳು ತಲೆಯೆತ್ತಿ ಅದನ್ನು ನೋಡಿದಳು. ಬೇರೆ ದಿನಗಳಲ್ಲಿ ಹೇಗೆ ನೋಡುತ್ತಿದ್ದಳೋ ನನಗೆ ಗೊತ್ತಿಲ್ಲ. ಅವತ್ತು ನೋಡಿದ್ದನ್ನು ಮಾತ್ರ ನಾನು ಮರೆಯುವುದಿಲ್ಲ. ಇಷ್ಟು ವರ್ಷ ಹೆಂಚಿನ ಆಚೆಯ ಎರಡು ಕೈಗಳನ್ನು ನೋಡುವಾಗ ನನ್ನ ಮುಖ ಹೇಗಿದ್ದಿರಬೇಕೋ, ಹಾಗೆಯೇ ಇತ್ತು ಅವಳ ಮುಖ.

“ನನ್ನ ಬಾಗಿಲಲ್ಲಿ ನೋಡಿ ಅಕ್ಕ,” ಎಂದಳು, “ಮೊದಲ್ನೇ ದಿನವೇ ಎದ್ದುಬಿಡ್ತು. ತಡವೇ ಮಾಡ್ಲಿಲ್ಲ.”

ಒಳಗೆ ಹೋಗಿ ಒಂದು ಹಾಸಿಗೆ ಎಳೆದು ತಂದು ಜಗಲಿಯ ಮೇಲೆ ಹಾಸಿದಳು. ಈ ಸಲ ನಾನು ಕುಳಿತೆ. ಮೆತ್ತಗಿತ್ತು, ಇಲ್ಲವೆನ್ನಲಾರೆ. ಅವಳೂ ಪಕ್ಕದಲ್ಲಿ ಕುಳಿತಳು. ಇಬ್ಬರೂ ಗೊಂಬೆ ನೋಡಿದೆವು. ಅದು ನಿಂತಿತು, ಎಡಕ್ಕೆ ಓರೆಯಾಗಿ ತಲೆ ಬಗ್ಗಿಸಿತು, ನೆಟ್ಟಗಾಗಿ ಭುಜ ಕೊಡವಿತು.

“ಏಳೋದು ಬಿಡೋದು ಹಾಗಿರಲಿ,” ಎಂದಳು ಚೆನ್ನಾಜಮ್ಮ, ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ, ನನ್ನ ಕಡೆ ನೋಡದೆ. “ನಮಸ್ಕಾರ ಅಂತೂ ನನಗೇ ಮಾಡೋದು. ಅಲ್ವಾ ಅಕ್ಕ?”

ನಾಲಿಗೆಯ ತುದಿಯವರೆಗೆ ಮಸಿ ಬಂತು, ಬಾಗಿಲು ಬಂತು, ನುಣುಪಾದ ಆ ಮರವೂ ಬಂತು. ಒಂದು ಮಾತು ಸಾಕಿತ್ತು. ಬಾಯಿ ತೆರೆದೂ ಇದ್ದೆ. ಗೊಂಬೆ ಮತ್ತೊಂದು ಸಲ ತಲೆ ಬಗ್ಗಿಸಿ ನನ್ನ ಭಟ್ಟಿ ಮನೆಯಿಂದ ಹೊರಗೆ ಬಂತು.

“ಹ್ಞೂಂ ಕಣವ್ವ,” ಎಂದೆ. “ನಿನಗೇ.”